ಆಲಸನತ್ತಂ ರಾಗಿ ಹೊಲ ಮತ್ತು ಟೆನ್ನೆಸ್ಸಿ: ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಸಹಯೋಗದ ಒಂದು ಗಡಿನಾಡ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸುತ್ತಿದೆ ಅಂದುಕೊಳ್ಳುತ್ತೇನೆ. ನಮ್ಮೂರಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಬರುವುದು ಇದೆ, ನಡುವೆ ನಾನು ಮಾಯವಾದರೆ ದಯವಿಟ್ಟು ಎರಡು ನಿಮಿಷ ಕಾಯಿರಿ.

ಇವತ್ತಿನ ಸಂಕಿರಣದ ವಿಷಯ ವಿಶ್ವವಿದ್ಯಾಲಯಗಳ ನಡುವಿನ ಅಂತರರಾಷ್ಟ್ರೀಯ ಸಹಯೋಗ. ನನಗಿಂತ ಮುಂಚೆ ಮಾತಾಡಿದವರು ಒಡಂಬಡಿಕೆ ಹೇಗೆ ಬರೆಯಬೇಕು, ವಿದ್ಯಾರ್ಥಿ ವಿನಿಮಯ ಹೇಗೆ ನಡೆಸಬೇಕು, 2022ರ ಯುಜಿಸಿ ನಿಯಮಗಳಲ್ಲಿ ಜಂಟಿ ಪದವಿಗೆ ಏನೇನು ಅವಕಾಶ ಇದೆ ಎನ್ನುವುದನ್ನೆಲ್ಲ ವಿವರವಾಗಿ ಹೇಳಿದ್ದಾರೆ. ನಾನು ಚರಿತ್ರೆ ಓದಿದವಳು. ಹಾಗಾಗಿ ಮುಂದೆ ಏನು ಮಾಡಬೇಕು ಅನ್ನುವುದಕ್ಕಿಂತ ಹಿಂದೆ ಏನಾಯಿತು ಅನ್ನುವುದನ್ನು ಹೇಳುತ್ತೇನೆ. ಅದನ್ನೂ ನಮ್ಮ ಮನೆಯ ಹಿಂದಿನ ಒಂದು ರಾಗಿ ಹೊಲದಲ್ಲಿ ನಿಂತುಕೊಂಡು ಹೇಳುತ್ತೇನೆ.

ನಮ್ಮೂರು ಆಲಸನತ್ತಂ. ಹೊಸೂರಿಗೆ ಅಂಟಿಕೊಂಡ ಹಾಗೆಯೇ ಇದೆ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ‘ನತ್ತಂ’ ಎಂದರೆ ತಮಿಳಿನ ಕಂದಾಯ ಭಾಷೆಯಲ್ಲಿ ಊರೊಳಗಿನ ಮನೆ ಕಟ್ಟುವ ಜಾಗ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಸಂತೆಯಲ್ಲಿ ಮೂರೂ. ಬೆಂಗಳೂರು ನಮಗೆ ಸುಮಾರು 40 ಕಿಲೋಮೀಟರು, ಕೊಯಮತ್ತೂರು ಸುಮಾರು 300. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೊದಲಿಗೆ ಒಬ್ಬ ಹುಡುಗನ ಕಥೆ. ನಮ್ಮೂರಿನಿಂದ ದೂರವೇನೂ ಇಲ್ಲದ ತೊರಪ್ಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವನು. ಹೊಸೂರಿನ ಶಾಲೆಯಲ್ಲಿ ಓದಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ. ಮುಂದೆ ಅವರು ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು. ಹೌದು, ಚಕ್ರವರ್ತಿ ರಾಜಗೋಪಾಲಾಚಾರಿ, ನಮ್ಮ ರಾಜಾಜಿ. ಹೊಸೂರು ಆಗ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು, ಬೆಂಗಳೂರು ಮೈಸೂರು ಸಂಸ್ಥಾನಕ್ಕೆ. ಗಡಿ ದಾಟಿ ಓದಿದ ಆ ಹುಡುಗ ಬರೆದ ಪರೀಕ್ಷೆ ಮಾತ್ರ ಮತ್ತೆ ಮದ್ರಾಸ್ ವಿಶ್ವವಿದ್ಯಾಲಯದ್ದು. ಯಾಕೆಂದರೆ ಮೈಸೂರಿಗೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಸೆಂಟ್ರಲ್ ಕಾಲೇಜು ಮದ್ರಾಸಿಗೆ ಸೇರಿಕೊಂಡಿತ್ತು. ಆ ಮದ್ರಾಸ್ ವಿಶ್ವವಿದ್ಯಾಲಯವಾದರೂ 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಹುಟ್ಟಿದ್ದು. ಒಂದು ಪದವಿಯೊಳಗೆ ತೊರಪ್ಪಳ್ಳಿ, ಬೆಂಗಳೂರು, ಮದ್ರಾಸು, ಲಂಡನ್ನು ಎಲ್ಲಾ ಇವೆ. ಅದಕ್ಕೆ ಯಾರೂ ‘ಅಂತರರಾಷ್ಟ್ರೀಯ ಸಹಯೋಗ’ ಅನ್ನಲಿಲ್ಲ. ಅದು ಸಾಮ್ರಾಜ್ಯ. ಸಹಯೋಗ ಅನ್ನಬೇಕಾದರೆ ಕೊಡುವವರೂ ತೆಗೆದುಕೊಳ್ಳುವವರೂ ಎದುರುಬದುರು ಕೂತು ಮಾತಾಡಿರಬೇಕು.

ಹಾಗೆ ಕೂತು ನೋಡುವ ಮನಸ್ಸು ಮೈಸೂರಿನವರಿಗೆ ಬೇಗ ಬಂತು. ವಿಶ್ವವಿದ್ಯಾಲಯ ಕಟ್ಟುವ ಮೊದಲು ಕಟ್ಟಮಂಚಿ ರಾಮಲಿಂಗಾರೆಡ್ಡಿ ಮತ್ತು ಥಾಮಸ್ ಡೆನ್ಹ್ಯಾಮ್ ಹೊರದೇಶದ ವಿಶ್ವವಿದ್ಯಾಲಯಗಳ ಕ್ರಮಗಳನ್ನು ಅಭ್ಯಾಸ ಮಾಡಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ರೆಡ್ಡಿಯವರು ಚಿತ್ತೂರಿನವರು ಅನ್ನುವುದನ್ನು ಗಡಿಯವಳಾದ ನಾನು ಸ್ವಲ್ಪ ಒತ್ತಿ ಹೇಳುತ್ತೇನೆ. ಆದರೆ ಇವತ್ತು ನನ್ನ ಮಾತು ಮಾನಸಗಂಗೋತ್ರಿಯ ಕಡೆಗಲ್ಲ, ಹೆಬ್ಬಾಳದ ಕಡೆಗೆ.

ಹೆಬ್ಬಾಳದಲ್ಲಿ 1899ರಲ್ಲಿ ಒಂದು ಪ್ರಯೋಗ ಕ್ಷೇತ್ರ ಶುರುವಾಯಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಅದಕ್ಕೆ 30 ಎಕರೆ ಕೊಟ್ಟರು. ಡಾ. ಲೆಹ್ಮನ್ ಎನ್ನುವ ಕೃಷಿ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣಿನ ಪರೀಕ್ಷೆ, ಬೆಳೆಯ ಪರೀಕ್ಷೆ ಆರಂಭಿಸಿದರು. 1908ರಲ್ಲಿ ಬಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, ಟೊರಾಂಟೋದಲ್ಲಿ ಓದಿ, ಜರ್ಮನಿಯ ಗೋಟಿಂಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದಿದ್ದರು. ಕೀಟ ಮತ್ತು ಸಸ್ಯರೋಗ ಅವರ ವಿಷಯ. ಬಂದವರೇ ಮಲೆನಾಡಿಗೆ ಹೋದರು. ಅಲ್ಲಿ ಮಳೆಗಾಲದಲ್ಲಿ ಅಡಿಕೆ ತೋಟವನ್ನೇ ನುಂಗುತ್ತಿದ್ದ ಕೊಳೆರೋಗ ಒಂದು ಶಿಲೀಂಧ್ರದ ಕೆಲಸ ಅಂತ ವಿವರಿಸಿ, ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಆ ದ್ರಾವಣ ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ಡೆ 1880ರ ದಶಕದಲ್ಲಿ ದ್ರಾಕ್ಷಿ ಬಳ್ಳಿಯ ರೋಗಕ್ಕೆಂದು ಕಂಡುಹಿಡಿದದ್ದು. ಸುಣ್ಣ, ಮೈಲುತುತ್ತು, ನೀರು, ಇಷ್ಟೇ. ಇವತ್ತಿಗೂ ಶೃಂಗೇರಿ, ಸಾಗರದ ಕಡೆ ಮಳೆಗಾಲ ಹತ್ತಿರ ಬಂದರೆ ‘ಬೋರ್ಡೋ ಹೊಡೆಸಿದ್ದಾಯ್ತಾ?’ ಅಂತ ಕೇಳುತ್ತಾರೆ. ಒಂದು ಫ್ರೆಂಚ್ ವಿಶ್ವವಿದ್ಯಾಲಯದ ಹೆಸರು ಅಡಿಕೆ ಕೊನೆಗಾರನ ಬಾಯಲ್ಲಿ ದಿನಬಳಕೆಯ ಮಾತಾಗಿದೆ. ಇದಕ್ಕಿಂತ ಗಟ್ಟಿಯಾದ ಒಡಂಬಡಿಕೆ ಇನ್ನೊಂದನ್ನು ನಾನು ಕಂಡಿಲ್ಲ, ಇದರಲ್ಲಿ ಸಹಿ ಯಾರದೂ ಇಲ್ಲ.

ಕೋಲ್ಮನ್ 1913ರಲ್ಲಿ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು, ರಾಗಿ ತಳಿ ಸುಧಾರಣೆಯ ಕೆಲಸವೂ ಹಿಡಿಯಿತು. ಮಂಡ್ಯದ ನಾಲೆ ಬಯಲಿನ ಪ್ರಯೋಗ ಕ್ಷೇತ್ರ, ಈಗಿನ ವಿ.ಸಿ. ಫಾರಂ, ಅದೂ ಅವರ ಕಾಲದ್ದೇ. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಹಿಂದಿರುಗಿದರು. ರಾಗಿಯ ಬಗ್ಗೆ ಯೂರೋಪಿನ ಯಾವ ವಿಶ್ವವಿದ್ಯಾಲಯದಲ್ಲೂ ಆಗ ಪಾಠ ಇರಲಿಲ್ಲ ಎನ್ನುವುದನ್ನು ಗಮನಿಸಬೇಕು. ಗೋಟಿಂಗನ್ ಅವರಿಗೆ ಕೊಟ್ಟದ್ದು ಕೆಲಸ ಮಾಡುವ ಶಿಸ್ತು. ಏನು ಕೆಲಸ ಅನ್ನುವುದನ್ನು ಮೈಸೂರಿನ ಹೊಲ ಹೇಳಿತು.

ಈಗ ಟೆನ್ನೆಸ್ಸಿಗೆ ಬರೋಣ.

1952ರ ಜನವರಿಯಲ್ಲಿ ಭಾರತಕ್ಕೂ ಅಮೆರಿಕಕ್ಕೂ ತಾಂತ್ರಿಕ ಸಹಕಾರದ ಒಪ್ಪಂದ ಆಯಿತು. ಹೊಟ್ಟೆಯ ಚಿಂತೆಯ ಕಾಲ ಅದು. ಅಮೆರಿಕದಲ್ಲಿ 1862ರ ಮೊರಿಲ್ ಕಾಯ್ದೆಯಿಂದ ಹುಟ್ಟಿದ ಒಂದು ಜಾತಿಯ ವಿಶ್ವವಿದ್ಯಾಲಯಗಳಿವೆ. ಸರ್ಕಾರ ಜಮೀನು ಕೊಟ್ಟು, ಅದರ ಹಣದಿಂದ ರೈತರ ಮಕ್ಕಳಿಗೆ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸಬೇಕು ಅಂತ ಮಾಡಿದ ವ್ಯವಸ್ಥೆ. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ. ನಮ್ಮಲ್ಲಿ ಆಗ ಹಾಗಿರಲಿಲ್ಲ. ಕಾಲೇಜು ಒಂದು ಕಡೆ, ಸಂಶೋಧನೆ ಇಲಾಖೆಯ ಕೈಯಲ್ಲಿ, ರೈತನ ಬಳಿ ಹೋಗುವವನು ಇನ್ನೊಬ್ಬ ನೌಕರ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಎಂದರೆ ತಪ್ಪಿಲ್ಲ. ಇದನ್ನು ಸರಿಮಾಡಲು 1950ರ ದಶಕದ ನಡುವಿನಲ್ಲಿ ಅಮೆರಿಕದ ಐದು ವಿಶ್ವವಿದ್ಯಾಲಯಗಳಿಗೆ ಭಾರತವನ್ನು ಪ್ರದೇಶವಾರು ಹಂಚಿಕೊಟ್ಟರು: ಇಲಿನಾಯ್, ಓಹಾಯೋ, ಕಾನ್ಸಾಸ್, ಮಿಸೌರಿ, ಟೆನ್ನೆಸ್ಸಿ. ಇದರಲ್ಲಿ ಟೆನ್ನೆಸ್ಸಿಯ ಪಾಲಿಗೆ ಬಂದದ್ದು ದಕ್ಷಿಣ: ಮೈಸೂರು, ಮದ್ರಾಸು, ಕೇರಳ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದವು. ಹೊಸೂರು ಮದ್ರಾಸಿನಲ್ಲೇ ಉಳಿಯಿತು, ಆನೇಕಲ್ಲು ಮೈಸೂರಿನಲ್ಲಿ. ನಮ್ಮ ತಾತನ ಹೊಲಕ್ಕೂ ಅವರ ಬೀಗರ ಹೊಲಕ್ಕೂ ನಡುವೆ ರಾಜ್ಯದ ಗೆರೆ ಗಟ್ಟಿಯಾಯಿತು. ಆದರೆ ವಿಚಿತ್ರ ನೋಡಿ, ಅದೇ ವರ್ಷಗಳಲ್ಲಿ ಅಮೆರಿಕದ ನಾಕ್ಸ್‌ವಿಲ್‌ನಲ್ಲಿ ಕೂತಿದ್ದ ವಿಶ್ವವಿದ್ಯಾಲಯದ ನಕ್ಷೆಯಲ್ಲಿ ಈ ಎರಡೂ ಹೊಲ ಒಂದೇ ಪ್ರದೇಶದಲ್ಲಿದ್ದವು. ದೆಹಲಿ ಎರಡು ಮಾಡಿದ್ದನ್ನು ಟೆನ್ನೆಸ್ಸಿ ಒಂದಾಗಿ ನೋಡುತ್ತಿತ್ತು.

ಇದು ಹೆಚ್ಚು ದಿನ ನಡೆಯಲಿಲ್ಲ. 1959–60ರಲ್ಲಿ ಎರಡನೆಯ ಭಾರತ–ಅಮೆರಿಕ ಜಂಟಿ ತಂಡದ ವರದಿ ಬಂದ ಮೇಲೆ ನೀತಿ ಬದಲಾಯಿತು. ಪ್ರದೇಶವಾರು ಸಹಾಯ ಬಿಟ್ಟು, ಯಾವ ರಾಜ್ಯ ಕಾಯ್ದೆ ಮಾಡಿ ಕೃಷಿ ವಿಶ್ವವಿದ್ಯಾಲಯ ಸ್ಥಾಪಿಸುತ್ತದೋ ಆ ರಾಜ್ಯದ ಜೊತೆ ಒಂದು ಅಮೆರಿಕನ್ ವಿಶ್ವವಿದ್ಯಾಲಯ ನಿಲ್ಲುವುದು ಎಂದಾಯಿತು. ಪಂತನಗರ 1960ರಲ್ಲಿ ಮೊದಲನೆಯದು. ಮೈಸೂರು ರಾಜ್ಯ 1963ರಲ್ಲಿ ಕಾಯ್ದೆ ಮಾಡಿತು, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಆರಂಭವಾಯಿತು. ಟೆನ್ನೆಸ್ಸಿ ಅದರ ಜೊತೆಗಾರ. ಮದ್ರಾಸು ಮಾತ್ರ ಆಗ ಕಾಯ್ದೆ ಮಾಡಲಿಲ್ಲ. ಅದಕ್ಕೆ ಕಾರಣವೂ ಇತ್ತು. ಕೊಯಮತ್ತೂರಿನ ಕೃಷಿ ಕಾಲೇಜು ಆಗಲೇ ಹಳೆಯ, ಹೆಸರಾದ ಸಂಸ್ಥೆ. ಕಿರುಧಾನ್ಯಗಳ ತಜ್ಞರು ಅಂತ ಪ್ರತ್ಯೇಕ ಹುದ್ದೆಯೇ ಅಲ್ಲಿತ್ತು. ತಮಗೆ ಹೊಸದು ಬೇಕಾಗಿದೆ ಅಂತ ಅವರಿಗೆ ಅನ್ನಿಸದೇ ಇದ್ದಿರಬಹುದು, ಇದು ನನ್ನ ಊಹೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಆದದ್ದು 1971ರ ಜೂನ್‌ನಲ್ಲಿ. ಅದೇ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧ. ನಿಕ್ಸನ್ ಸರ್ಕಾರ ಭಾರತಕ್ಕೆ ಕೊಡುತ್ತಿದ್ದ ಆರ್ಥಿಕ ನೆರವನ್ನು ತಡೆಹಿಡಿಯಿತು. ಅಮೆರಿಕದ ವಿಶ್ವವಿದ್ಯಾಲಯಗಳ ತಂಡಗಳು ಒಂದೆರಡು ವರ್ಷದಲ್ಲಿ ಗಂಟುಮೂಟೆ ಕಟ್ಟಿದವು. ಕೊಯಮತ್ತೂರಿನವರು ಬಾಗಿಲು ತೆರೆಯುವ ಹೊತ್ತಿಗೆ ಬರುವ ಅತಿಥಿ ದಾರಿಯಿಂದಲೇ ಹಿಂದಿರುಗಿದ ಹಾಗಾಯಿತು.

ಹೀಗೆ ಹೊಸೂರಿನ ರೈತ ಒಂದು ಸಹಯೋಗದ ಒಳಗಿದ್ದವನು ಹೊರಗಾದ. ಅವನಿಗೆ ಒಳಗಿದ್ದದ್ದೂ ಗೊತ್ತಿಲ್ಲ, ಹೊರಗಾದದ್ದೂ ಗೊತ್ತಿಲ್ಲ.

ಟೆನ್ನೆಸ್ಸಿಯವರು ಹೆಬ್ಬಾಳದಲ್ಲಿ ಏನು ಮಾಡಿದರು? ಕಟ್ಟಡ, ಯಂತ್ರ, ಪುಸ್ತಕ ಇದ್ದೇ ಇದ್ದವು. ಅದಕ್ಕಿಂತ ಮುಖ್ಯ ಮೂರು ಸಂಗತಿ ಅಂತ ನನಗೆ ಅನ್ನಿಸುತ್ತದೆ. ನಮ್ಮ ಅಧ್ಯಾಪಕರು ಅಲ್ಲಿಗೆ ಹೋಗಿ ಓದಿ ಬಂದರು. ವರ್ಷಕ್ಕೊಂದೇ ದೊಡ್ಡ ಪರೀಕ್ಷೆ ಅನ್ನುವುದು ಹೋಗಿ, ಪಾಠ ಹೇಳಿದವರೇ ಆಗಾಗ ಪರೀಕ್ಷೆ ಮಾಡಿ ಅಂಕ ಕೊಡುವ ಕ್ರಮ ಬಂತು. ಮೂರನೆಯದು, ಸಂಶೋಧನೆ ಮಾಡುವವನು ರೈತನ ಎದುರು ನಿಂತು ಉತ್ತರ ಕೊಡಬೇಕು ಅನ್ನುವ ವಿಸ್ತರಣೆಯ ಕಲ್ಪನೆ. ಇದು ಎಷ್ಟು ನಡೆಯಿತು, ಎಷ್ಟು ಕಾಗದದಲ್ಲಿ ಉಳಿಯಿತು ಅನ್ನುವುದು ಬೇರೆ ಚರ್ಚೆ.

ಮೊದಲ ಕುಲಪತಿ ಕೆ.ಸಿ. ನಾಯಕ್ ಅವರ ಬಗ್ಗೆ ಒಂದು ಮಾತು. ಅವರು ಮೊದಲು ಮದ್ರಾಸಿನ ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದವರು, ದಕ್ಷಿಣ ಭಾರತದ ಹಣ್ಣಿನ ಬೆಳೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದವರು. ಆಮೇಲೆ ಶಂಕರಂ ಅವರ ಜೊತೆ ಭಾರತದ ಕೃಷಿ ವಿಶ್ವವಿದ್ಯಾಲಯಗಳ ಚರಿತ್ರೆಯನ್ನೂ ಬರೆದರು. ಮದ್ರಾಸಿನಿಂದ ಬಂದವರು ಮೈಸೂರಿನ ವಿಶ್ವವಿದ್ಯಾಲಯ ಕಟ್ಟಿದರು. ಗಡಿ ದಾಟುವ ಜನ ಇದ್ದರು. ದಾಟದೆ ಉಳಿದದ್ದು ವ್ಯವಸ್ಥೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ರಾಗಿ.

ಟೆನ್ನೆಸ್ಸಿಯಲ್ಲಿ ರಾಗಿ ಬೆಳೆಯುವುದಿಲ್ಲ. ಜೋಳ ಅಂದರೆ ಅವರಿಗೆ ಮೆಕ್ಕೆಜೋಳ. ಬಂದ ತಜ್ಞರಿಗೆ ನಮ್ಮ ಮುದ್ದೆ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಹಾಗಾಗಿ ದಕ್ಷಿಣ ಕರ್ನಾಟಕದ ಮತ್ತು ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ಮುಖ್ಯ ಆಹಾರವನ್ನು ಎತ್ತಿದ್ದು ಆ ಸಹಯೋಗವಲ್ಲ. ಅದನ್ನು ಎತ್ತಿದ್ದು ಇನ್ನೊಂದು ತರಹದ ಅಂತರರಾಷ್ಟ್ರೀಯ ಸಂಬಂಧ, ಸದ್ದಿಲ್ಲದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಎನ್ನುವವರು ಇದ್ದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಅವರು ಆಫ್ರಿಕಾದ ರಾಗಿ ತಳಿಗಳನ್ನು ತರಿಸಿ ನಮ್ಮ ತಳಿಗಳ ಜೊತೆ ಸಂಕರ ಮಾಡಿದರು. ‘ಇಂಡಿಯಾ’ದ ಇಂಡ್, ‘ಆಫ್ರಿಕಾ’ದ ಆಫ್: ಇಂಡಾಫ್. ಹೆಸರಿನಲ್ಲೇ ಎರಡು ಖಂಡ.

ಕೃಷಿ ಗೊತ್ತಿಲ್ಲದವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಸ್ವಲ್ಪ ಹೇಳಬೇಕು. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇದ್ದು, ಬಹುಪಾಲು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಂಡುಬಿಡುತ್ತದೆ. ಅದರಿಂದ ಗಂಡು ಭಾಗ ಕಿತ್ತು ಇನ್ನೊಂದು ಗಿಡದ ಪರಾಗ ಹಾಕುವುದೆಂದರೆ ಸೂಜಿಯ ತುದಿಯಲ್ಲಿ ಕಸೂತಿ ಮಾಡಿದ ಹಾಗೆ. ಕೊಯಮತ್ತೂರಿನ ಕಿರುಧಾನ್ಯ ತಜ್ಞರಾಗಿದ್ದ ರಂಗಸ್ವಾಮಿ ಅಯ್ಯಂಗಾರ್ 1934ರಲ್ಲಿ ಇದಕ್ಕೆ ಒಂದು ಉಪಾಯ ವಿವರಿಸಿದ್ದರು. ಎರಡು ತಳಿಯ ತೆನೆಗಳನ್ನು ಹೂ ಬಿಡುವ ಮುಂಚೆ ಒಟ್ಟಿಗೆ ಕಟ್ಟಿಬಿಡುವುದು, ತಾಗಿ ತಾಗಿ ಅಲ್ಲೊಂದು ಇಲ್ಲೊಂದು ಕಾಳು ಸಂಕರವಾಗುತ್ತದೆ. ಆಮೇಲೆ ಆ ಕಾಳುಗಳನ್ನೆಲ್ಲ ಬಿತ್ತಿ, ಬಂದ ಸಸಿಗಳ ರಾಶಿಯಲ್ಲಿ ಸಂಕರದ ಸಸಿ ಯಾವುದು ಅಂತ ಹುಡುಕಬೇಕು. ವರ್ಷಗಟ್ಟಲೆ ಬಿಸಿಲಲ್ಲಿ ಬಗ್ಗಿ ನಿಂತು ಮಾಡುವ ಕೆಲಸ.

ರಾಗಿಯೇ ಮೂಲತಃ ಆಫ್ರಿಕಾದ್ದು, ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನಾಡಿನ ಬೆಳೆ. ಸಾವಿರಾರು ವರ್ಷದ ಹಿಂದೆ ಹೇಗೋ ಸಮುದ್ರ ದಾಟಿ ಬಂದು ನಮ್ಮದಾಯಿತು. ಲಕ್ಷ್ಮಣಯ್ಯನವರು ಮಾಡಿದ್ದು ದೂರವಾಗಿದ್ದ ನಂಟರನ್ನು ಮತ್ತೆ ಕೂಡಿಸಿದ ಕೆಲಸ. ಆಫ್ರಿಕಾದ ಕಡೆಯಿಂದ ದಪ್ಪ ತೆನೆ, ಗಟ್ಟಿ ಕಾಂಡ, ನಮ್ಮ ಕಡೆಯಿಂದ ಬೇಗ ಬರುವ ಗುಣ, ತೆಂಡೆ ಒಡೆಯುವ ಗುಣ. 1970ರ ದಶಕದಿಂದ ಇಂಡಾಫ್ ಸಾಲಿನ ತಳಿಗಳು ಒಂದೊಂದಾಗಿ ಹೊರಬಂದವು. ರಾಗಿಯ ಇಳುವರಿಯ ಲೆಕ್ಕವೇ ಬದಲಾಯಿತು.

ನಮ್ಮ ಹೊಲಕ್ಕೆ ಅದು ಬಂದದ್ದು ಹೇಗೆ ಅನ್ನುವುದು ನನ್ನ ಮನೆಯ ಕಥೆ. ಯಾವ ಇಲಾಖೆಯವರೂ ತಂದುಕೊಡಲಿಲ್ಲ. ತಾತ ಆನೇಕಲ್ಲಿನ ಬೀಗರ ಮನೆಗೆ ಮದುವೆಗೆ ಹೋದಾಗ ಅವರ ಕಣದಲ್ಲಿ ದಪ್ಪ ತೆನೆ ನೋಡಿದರಂತೆ. ‘ಇದ್ಯಾವ್ದಪ್ಪಾ ಇದು, ಕೋಳಿಕಾಲು ಇದ್ದಂಗೈತೆ’ ಅಂದರಂತೆ. ಬರುವಾಗ ಟವೆಲಿನಲ್ಲಿ ಎರಡು ಸೇರು ಕಟ್ಟಿಸಿಕೊಂಡು ಬಂದರು. ಆ ವರ್ಷ ಒಂದು ಪಟ್ಟಿಯಲ್ಲಿ ಮಾತ್ರ ಹಾಕಿ, ಉಳಿದದ್ದರಲ್ಲಿ ಹಳೆಯ ಗಿಡ್ಡ ರಾಗಿಯನ್ನೇ ಬಿತ್ತಿದರು, ನಡುವೆ ಅವರೆ, ಜೋಳದ ಅಕ್ಕಡಿ ಸಾಲು ಹಾಕಿದರು. ಮೂರನೇ ವರ್ಷದ ಹೊತ್ತಿಗೆ ಅಕ್ಕಪಕ್ಕದ ತೆಲುಗರ ಹೊಲಕ್ಕೂ ಅದು ಹೋಯಿತು. ಅಜ್ಜಿಗೆ ಮಾತ್ರ ಅದರ ಹುಲ್ಲು ಹಿಡಿಸಲಿಲ್ಲ. ಹಸು ಮೂಸಿ ಬಿಡುತ್ತೆ ಅಂತ ಕೊನೆವರೆಗೂ ಗೊಣಗಿದರು. ಹಳೆಯ ರಾಗಿಯನ್ನು ಹಸುವಿನ ಸಲುವಾಗಿಯೇ ಒಂದು ಮೂಲೆಯಲ್ಲಿ ಉಳಿಸಿಕೊಂಡರು. ತಳಿ ಬಿಡುಗಡೆ ಮಾಡುವವರು ಕಾಳು ತೂಗುತ್ತಾರೆ, ಮನೆಯ ಹೆಂಗಸರು ಹುಲ್ಲನ್ನೂ ತೂಗುತ್ತಾರೆ. ಇದನ್ನು ನಾನು ನಗಾಡಿಕೊಂಡು ಹೇಳುತ್ತಿದ್ದೇನೆ, ಆದರೆ ಸಹಯೋಗ ಯಾರ ಜೊತೆ ಅನ್ನುವ ಪ್ರಶ್ನೆ ಇದರಲ್ಲಿದೆ.

ಉಗಾಂಡಾದ ಕಡೆಯ ಗುಣ ಮಂಡ್ಯಕ್ಕೆ, ಮಂಡ್ಯದಿಂದ ಆನೇಕಲ್ಲಿಗೆ, ಆನೇಕಲ್ಲಿನಿಂದ ಟವೆಲಿನ ಗಂಟಿನಲ್ಲಿ ಅತ್ತಿಬೆಲೆ, ಜೂಜುವಾಡಿ ದಾಟಿ ಆಲಸನತ್ತಂಗೆ. ಕೊನೆಯ ಹದಿನೈದು ಇಪ್ಪತ್ತು ಮೈಲಿಯನ್ನು ನಂಟಸ್ತನ ದಾಟಿಸಿತು.

ತಮಿಳುನಾಡಿನವರು ಏನೂ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬಾರದು. ನಮ್ಮದೇ ಜಿಲ್ಲೆಯ ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ ಇದೆ. ಪೈಯೂರು 1, ಪೈಯೂರು 2 ಎನ್ನುವ ರಾಗಿ ತಳಿಗಳು ಅಲ್ಲಿಯವೇ, ಹುರುಳಿಯ ತಳಿಗಳೂ ಇವೆ. ಮತ್ತಿಗಿರಿಯ ದನಗಳ ಫಾರಂ ಅಂತೂ 1824ರಷ್ಟು ಹಳೆಯದು, ಸೈನ್ಯದ ಕುದುರೆ ಸಾಕಲು ಶುರುವಾದದ್ದು. ಈಗ ತಮಿಳುನಾಡಿನ ಪಶುಸಂಗೋಪನಾ ಇಲಾಖೆಯ ಕೈಯಲ್ಲಿದೆ. ತಳಿಯಲ್ಲಿ ಇಸ್ರೇಲಿನ ಸಹಯೋಗದ ಹೂವಿನ ಬೆಳೆಗಳ ಕೇಂದ್ರ ಬಂದಿದೆ. ಕುಪ್ಪಂನಲ್ಲಿ 1997ರಿಂದ ದ್ರಾವಿಡ ವಿಶ್ವವಿದ್ಯಾಲಯ ಇದೆ, ಮೂರು ರಾಜ್ಯ ಸೇರುವ ಮೂಲೆಯಲ್ಲಿ, ದಕ್ಷಿಣದ ಭಾಷೆಗಳನ್ನು ಒಂದೇ ಅಂಗಳದಲ್ಲಿ ಓದಿಸಬೇಕು ಅನ್ನುವ ಆಸೆಯಿಂದ ಹುಟ್ಟಿದ್ದು. ಸಂಸ್ಥೆಗಳಿಗೆ ನಮ್ಮ ಕಡೆ ಬರವಿಲ್ಲ.

ಬರ ಇರುವುದು ಓದುವ ಹಾಳೆಗೆ. ಪೈಯೂರಿನ ಕೈಪಿಡಿ ತಮಿಳಿನಲ್ಲಿ ಬರುತ್ತದೆ, ಬರಲೇಬೇಕು. ಬೆಂಗಳೂರಿನ ಕೈಪಿಡಿ ಕನ್ನಡದಲ್ಲಿ ಬರುತ್ತದೆ, ಆದರೆ ನಮ್ಮ ಕಡೆ ಹಂಚುವುದಿಲ್ಲ, ಹಂಚುವ ಅಧಿಕಾರವೂ ಅವರಿಗಿಲ್ಲ. ನನ್ನ ಅಮ್ಮ ಕನ್ನಡ ಶಾಲೆಯಲ್ಲಿ ಓದಿದವರು. ಸರಾಗವಾಗಿ ತಮಿಳು ಮಾತಾಡುತ್ತಾರೆ, ಒಂದಕ್ಷರ ಓದಲು ಬರುವುದಿಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಓದಿದ ನನ್ನ ಅಣ್ಣನ ಮಕ್ಕಳು ಇದಕ್ಕೆ ತಿರುಗಮುರುಗ. ಒಂದೇ ಹೊಲ, ಒಂದೇ ಮನೆ, ಬೆಂಕಿ ರೋಗದ ಔಷಧಿಯ ಚೀಟಿ ಓದಲು ಅಮ್ಮನಿಗೆ ಮೊಮ್ಮಗ ಬೇಕು, ಬಿತ್ತನೆ ಚೀಲದ ಮೇಲಿನ ಕನ್ನಡ ಓದಲು ಮೊಮ್ಮಗನಿಗೆ ಅಜ್ಜಿ ಬೇಕು.

ಈಚಿನ ಕಾಲಕ್ಕೆ ಬರುತ್ತೇನೆ, ಸಮಯ ಆಗುತ್ತಿದೆ ಅಂತ ಸಂಯೋಜಕರು ಸೂಚನೆ ಕೊಡುತ್ತಿದ್ದಾರೆ. 2016ರಿಂದ ಜರ್ಮನಿಯ ಗೋಟಿಂಗನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮತ್ತಿತರ ಸಂಸ್ಥೆಗಳ ಜೊತೆ ಸೇರಿ, ಊರು ನಗರವಾಗುವಾಗ ಬೇಸಾಯಕ್ಕೆ ಏನಾಗುತ್ತದೆ ಅಂತ ಅಧ್ಯಯನ ನಡೆಸಿದವು. ಕೋಲ್ಮನ್ ಓದಿದ ಅದೇ ಗೋಟಿಂಗನ್, ನೂರು ವರ್ಷ ಕಳೆದು ಮತ್ತೆ ಹೆಬ್ಬಾಳದ ಕಡೆಗೆ. ಬೆಂಗಳೂರಿನ ಉತ್ತರಕ್ಕೆ ಒಂದು ಪಟ್ಟಿ, ನೈಋತ್ಯಕ್ಕೆ ಒಂದು ಪಟ್ಟಿ ಗುರುತಿಸಿ ಕೆಲಸ ಮಾಡಿದರು. ಒಳ್ಳೆಯ ಕೆಲಸ. ಆಗ್ನೇಯಕ್ಕೆ, ಅಂದರೆ ನಮ್ಮ ಕಡೆಗೆ ಪಟ್ಟಿ ಬರಲಿಲ್ಲ. ಬೆಂಗಳೂರಿನ ಬಿಸಿ ಹೊಸೂರಿಗೆ ತಾಗಿದಷ್ಟು ಬೇರೆಲ್ಲಿ ತಾಗಿದೆ? ಆದರೆ ರಾಜ್ಯದ ಗೆರೆ ದಾಟಿದರೆ ಅನುಮತಿ ಬೇರೆ, ಭಾಷೆ ಬೇರೆ, ಅಂಕಿಅಂಶ ಬೇರೆ ಕಚೇರಿಯದ್ದು. ಅವರನ್ನು ದೂರುವುದಕ್ಕಿಲ್ಲ.

2017ರಲ್ಲಿ ಶೈಲಜಾ ಹಿತ್ತಲಮನಿಯವರ ತಂಡ ಬೆಂಗಳೂರಿನಲ್ಲಿ ಎಂಎಲ್ 365 ತಳಿಯ ರಾಗಿಯ ಜೀನೋಮನ್ನು ಓದಿ ಪ್ರಕಟಿಸಿತು. ಮರುವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದವರೂ ಬೆಂಗಳೂರಿನವರೂ ಸೇರಿ ಪಿಆರ್ 202 ತಳಿಯ ಜೀನೋಮನ್ನು ಇನ್ನೂ ಬಿಗಿಯಾಗಿ ಜೋಡಿಸಿ ತೋರಿಸಿದರು. ಟೆನ್ನೆಸ್ಸಿಯವರ ಕಾಲದಲ್ಲಿ ರಾಗಿ ಸಹಯೋಗದ ಹೊರಗಿತ್ತು, ಈಗ ಅದರ ನಡುಮನೆಗೆ ಬಂದಿದೆ. ಇದು ಸಣ್ಣ ಮಾತಲ್ಲ. ಆದರೆ ಇನ್ನೊಂದು ಕಡೆ, 2002ರ ಜೀವವೈವಿಧ್ಯ ಕಾಯ್ದೆ, ಆಮೇಲಿನ ನಗೋಯಾ ಒಪ್ಪಂದ ಇವುಗಳಿಂದಾಗಿ ಬೀಜ ದೇಶ ದಾಟುವುದು ಕಷ್ಟವಾಗಿದೆ. ಕಾರಣ ಸರಿಯಾದದ್ದೇ, ನಮ್ಮ ಬೀಜ ಕೊಂಡುಹೋಗಿ ಅವರ ಹಕ್ಕು ಮಾಡಿಕೊಂಡರೆ ಸುಮ್ಮನಿರಲಾಗುವುದಿಲ್ಲ. ಆದರೂ ಕೇಳಿಕೊಳ್ಳಬೇಕು: ಲಕ್ಷ್ಮಣಯ್ಯನವರು ಇವತ್ತು ಆಫ್ರಿಕಾದ ಬೀಜ ಕೇಳಿ ಪತ್ರ ಬರೆದರೆ ಎಷ್ಟು ವರ್ಷಕ್ಕೆ ಬಂದೀತು? ಆಗ ಒಡಂಬಡಿಕೆಗಳು ಕಡಿಮೆ, ಬೀಜ ಓಡಾಡುತ್ತಿತ್ತು. ಈಗ ಒಡಂಬಡಿಕೆಗಳು ಓಡಾಡುತ್ತಿವೆ.

ಈ ಕೊನೆಯ ಮಾತಿಗೆ ನಾನೂ ಪಾಲುದಾರಳು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಮೌಲ್ಯಮಾಪನ ಸಮಿತಿ ಬರುವುದಿತ್ತು. ಸಹಯೋಗದ ಕಲಂನಲ್ಲಿ ನಮ್ಮದು ಖಾಲಿ. ಹದಿನೈದು ದಿನದಲ್ಲಿ ಒಂದು ವಿದೇಶಿ ಸಂಸ್ಥೆಯ ಜೊತೆ ಒಡಂಬಡಿಕೆ ಮಾಡಿಕೊಂಡೆವು. ಕರಡು ಬರೆದವಳು ನಾನೇ. ‘ಪರಸ್ಪರ ಜ್ಞಾನ ವಿನಿಮಯ’ ಅಂತ ಎಷ್ಟು ಸಲ ಬರೆದೆನೋ. ಫೋಟೋ ಬಂತು, ಅಂಕವೂ ಬಂತು. ಐದು ವರ್ಷದ ಅವಧಿ ಮುಗಿದಾಗ ತೆಗೆದು ನೋಡಿದರೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು, ಒಟ್ಟು ಎರಡು ಹೊಸ ವರ್ಷದ ಶುಭಾಶಯದ ಇಮೇಲುಗಳು ಇದ್ದವು. ಒಬ್ಬ ವಿದ್ಯಾರ್ಥಿನಿ ಮಾತ್ರ, ಡೆಂಕಣಿಕೋಟೆ ಕಡೆಯ ಹುಡುಗಿ, ನೋಟಿಸ್ ಬೋರ್ಡಿನಲ್ಲಿ ಆ ಫೋಟೋ ನೋಡಿ ನನ್ನ ಹತ್ತಿರ ಬಂದು ‘ಮೇಡಂ, ಅಲ್ಲಿಗೆ ಹೋಗೋಕೆ ಅರ್ಜಿ ಎಲ್ಲಿ ಕೊಡಬೇಕು?’ ಅಂತ ಕೇಳಿದ್ದಳು. ಪಾಸ್‌ಪೋರ್ಟ್ ಕೂಡ ಮಾಡಿಸಿಕೊಂಡಿದ್ದಳು. ನಾನು ಏನು ಹೇಳಲಿ? ಮುಂದಿನ ವರ್ಷ ನೋಡೋಣಮ್ಮ ಅಂದೆ. ಈ ವಿಷಯದ ಚರಿತ್ರೆ ಹುಡುಕಲು ಶುರು ಮಾಡಿದ್ದು ಅದಾದ ಮೇಲೆಯೇ.

ಪ್ರಬಂಧದ ಭಾಗ ಇಲ್ಲಿಗೆ ಮುಗಿಯಿತು. ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಓದುತ್ತೇನೆ: ‘ಮೇಡಂ, ಹಾಗಾದರೆ ಟೆನ್ನೆಸ್ಸಿ ಸಹಯೋಗ ವಿಫಲ ಅನ್ನುತ್ತೀರಾ?’

ಇಲ್ಲ ಸರ್, ಅನ್ನುವುದಿಲ್ಲ. ಅಮೆರಿಕದ ಹಣ ನಿಂತ ಮೇಲೂ ಹೆಬ್ಬಾಳ ನಿಲ್ಲಲಿಲ್ಲ, ಅದೇ ದೊಡ್ಡ ಸಾಕ್ಷಿ. ಅಲ್ಲಿ ಓದಿ ಬಂದವರು ಇಲ್ಲಿ ಪಾಠ ಹೇಳಿದರು, ಅವರ ಶಿಷ್ಯರು ಮುಂದಿನವರಿಗೆ ಹೇಳಿದರು. 1986ರಲ್ಲಿ ಧಾರವಾಡದಲ್ಲಿ ಇನ್ನೊಂದು ಕೃಷಿ ವಿಶ್ವವಿದ್ಯಾಲಯ ಆಗುವಾಗ ಅದನ್ನು ಕಟ್ಟಲು ಬೇರೆ ದೇಶದವರು ಬರಬೇಕಾಗಲಿಲ್ಲ. ಅದೇ ವರ್ಷ ಇಡೀ ದೇಶದ ಕಿರುಧಾನ್ಯ ಸಂಶೋಧನೆಯನ್ನು ಜೋಡಿಸುವ ಘಟಕ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬಂತು. ಬೆಂಕಿ ರೋಗ ತಡೆಯುವ ಜಿಪಿಯು 28 ಬಂದದ್ದು ಅಲ್ಲಿಂದಲೇ. ನಾನು ಹೇಳುತ್ತಿರುವುದು ಇಷ್ಟೇ: ಯಾರ ಜೊತೆ ಕೈ ಜೋಡಿಸುತ್ತೇವೆ ಅಂತ ಬರೆಯುವಾಗ ಆ ಕೈ ಎಲ್ಲಿಯವರೆಗೆ ಚಾಚುತ್ತದೆ ಅಂತಲೂ ಬರೆದುಕೊಳ್ಳಬೇಕು.

ಇನ್ನೊಂದು ಪ್ರಶ್ನೆ, ‘ನಿಮ್ಮ ಭಾಗಕ್ಕೆ ಈಗ ಏನು ಬೇಕು?’

ದೊಡ್ಡದೇನೂ ಬೇಡ ಮೇಡಂ. ಬೆಂಗಳೂರು ಮತ್ತು ಪೈಯೂರಿನವರು ಸೇರಿ ಹೊಸೂರು ತಾಲ್ಲೂಕಿನಲ್ಲಿ ಹತ್ತು ರೈತರ ಹೊಲದಲ್ಲಿ ಎರಡೂ ಕಡೆಯ ತಳಿಗಳನ್ನು ಅಕ್ಕಪಕ್ಕ ಬೆಳೆದು ತೋರಿಸಲಿ. ಹುಲ್ಲನ್ನೂ ತೂಗಲಿ, ಇದು ನಮ್ಮಜ್ಜಿಯ ಪರವಾಗಿ. ಅದರ ಕೈಪಿಡಿಯನ್ನು ಕುಪ್ಪಂನವರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾಡಿಕೊಡಲಿ, ಆ ಕೆಲಸಕ್ಕೆ ಅವರಿಗಿಂತ ತಕ್ಕವರು ಇಲ್ಲ. ಇದಕ್ಕೆ ವಿಮಾನದ ಟಿಕೆಟ್ ಬೇಕಾಗಿಲ್ಲ. ಜ್ಯೂರಿಕ್‌ನವರೋ ಗೋಟಿಂಗನ್‌ನವರೋ ಜೊತೆಗೆ ಬರುತ್ತೇವೆ ಅಂದರೆ ಬರಲಿ, ಕಣದಲ್ಲಿ ಜಾಗ ಇದೆ.

ನಮ್ಮ ಮನೆಯಲ್ಲಿ ಈ ಮುಂಗಾರಿಗೆ ಬಿತ್ತಿರುವುದು ಜಿಪಿಯು 28. ಚೀಲದ ಮೇಲಿನ ಚೀಟಿ ಕನ್ನಡದಲ್ಲಿತ್ತು, ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆನೇಕಲ್ಲಿನಿಂದ ಮಾವ ತಮ್ಮ ಸ್ಕೂಟರಿನ ಮುಂದೆ ಇಟ್ಟುಕೊಂಡು ತಂದುಕೊಟ್ಟದ್ದು.